ಎರಡು ಸಮ ಒಂದು

ಕೈವಾರದಿಂದ ಒಂದು ವೃತ್ತ ಎಳೆಯಿರಿ. ಕೈವಾರದ ಅಗಲವನ್ನು ಬದಲಿಸದೆ ಪರಿಧಿಯ ಮೇಲೆ ಗುರುತು ಹಾಕುತ್ತಾ ಹೋದರೆ ಸರಿಯಾಗಿ ಆರು ಬಿಂದುಗಳು ದೊರೆಯುತ್ತವೆ. ಒಂದು ಬಿಟ್ಟು ಒಂದನ್ನು ಸೇರಿಸಿ. ಎರಡು ತ್ರಿಕೋನಗಳು ಹೆಣೆದುಕೊಂಡು ನಕ್ಷತ್ರವೊಂದು ಮೂಡುತ್ತದೆ. ಈ ವಿನ್ಯಾಸವನ್ನು ಎಲ್ಲ ದಿಕ್ಕಿಗೂ ಬೆಳೆಸಬಹುದು, ಅದಕ್ಕೆ ಕೊನೆಯೆಂಬುದಿಲ್ಲ. ಕೈರೋ ನಗರದ ಹಳೆಯ ಮಸೀದಿಗಳ ಗೋಡೆ, ಬಾಗಿಲುಗಳನ್ನು ಕುಶಲಕರ್ಮಿಗಳು ಸಿಂಗರಿಸಿದ್ದು ಇಂಥ ರೇಖಾಗಣಿತದಿಂದಲೇ.

1943ರಲ್ಲಿ ಆ ಮಸೀದಿಗಳನ್ನು ಕಣ್ತುಂಬ ನೋಡಿದವರು ಲೆಬನಾನಿನ ಸಲ್ವಾ ರೌದಾ ಶುಕೈರ್. 1916ರಲ್ಲಿ ಬೈರೂತ್‌ನಲ್ಲಿ ಜನಿಸಿದ ಈಕೆ ಕೈರೋಗೆ ಹೋದಾಗ ಮಹಾಯುದ್ಧ ನಡೆದಿತ್ತು, ವಸ್ತುಸಂಗ್ರಹಾಲಯಗಳು ಮುಚ್ಚಿದ್ದವು. ಬೀದಿಗಳೂ ಮಸೀದಿಗಳೂ ಆಕೆಯ ಪಾಠಶಾಲೆಯಾದವು.

ಅಮೂರ್ತ ಕಲೆ ಯೂರೋಪಿನ ಕೊಡುಗೆಯೆಂದು ನೀವು ಓದಿರಬಹುದು. ಅದು ಪೂರ್ಣ ಸತ್ಯವಲ್ಲ. ಶುಕೈರ್ ಪ್ಯಾರಿಸ್‌ಗೆ ಕಲಿಯಲು ಹೋದದ್ದು 1948ರಲ್ಲಿ. ಅದಕ್ಕೂ ಮುನ್ನ, 1947ರಲ್ಲಿ, ಬೈರೂತ್‌ನಲ್ಲಿ ಆಕೆ ನಡೆಸಿದ ಪ್ರದರ್ಶನವನ್ನು ಅರಬ್ ಜಗತ್ತಿನ ಮೊದಲ ಅಮೂರ್ತ ಚಿತ್ರಪ್ರದರ್ಶನವೆಂದು ಗುರುತಿಸಲಾಗಿದೆ. ಪ್ಯಾರಿಸ್‌ನಲ್ಲಿ ಪ್ರಸಿದ್ಧ ಕಲಾವಿದ ಫರ್ನಾಂಡ್ ಲೇಜೆ ಅವರ ಕಲಾಶಾಲೆಗೂ ಹೋದರು; ಆದರೆ ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಲೇಜೆ ಮನುಷ್ಯಾಕೃತಿಯನ್ನು ಸರಳ ಆಕಾರಗಳಾಗಿ ಬಿಡಿಸುತ್ತಿದ್ದರು. ಶುಕೈರ್ ಆಕಾರದಿಂದಲೇ ಆರಂಭಿಸುತ್ತಿದ್ದರು. ಒಂದು ಮೂಲ ಆಕೃತಿ. ಅದನ್ನೇ ಕತ್ತರಿಸಿ, ತಿರುಗಿಸಿ, ಮತ್ತೆ ಜೋಡಿಸುವುದು. ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂರುತ್ತದೆ.

ಮುಂದೆ ಶಿಲ್ಪದಲ್ಲಿಯೂ ಇದೇ ಮಾರ್ಗ ಹಿಡಿದರು. ಅರಬ್ಬಿ ಕಾವ್ಯದಲ್ಲಿ ಪ್ರತಿ ದ್ವಿಪದಿಯೂ ಸ್ವತಂತ್ರವಾಗಿ ನಿಲ್ಲುತ್ತದೆ, ಒಟ್ಟು ಕವಿತೆಗೂ ಸೇರುತ್ತದೆ. ಶುಕೈರ್ ಬಿಡಿ ತುಂಡುಗಳನ್ನು ಹಾಗೆಯೇ ಒಂದರ ಮೇಲೊಂದು ಕೂರಿಸಿ, ಅವನ್ನು ‘ಕವಿತೆ’ಗಳೆಂದು ಕರೆದರು.

ಆದರೆ ಮನ್ನಣೆ ಬೇಗ ಬರಲಿಲ್ಲ. 1975ರಿಂದ 1990ರವರೆಗೆ ಲೆಬನಾನ್ ಅಂತರ್ಯುದ್ಧದಲ್ಲಿ ಬೆಂದಿತು. ಆ ದಿನಗಳಲ್ಲಿ ಸಿಡಿದ ಬಾಂಬೊಂದು ಆಕೆಯ ‘ಎರಡು ಸಮ ಒಂದು’ ಎಂಬ ಚಿತ್ರವನ್ನು ತೂತು ಮಾಡಿತು; ಗಾಜಿನ ಚೂರುಗಳು ಕ್ಯಾನ್‌ವಾಸಿಗೆ ನಾಟಿಕೊಂಡವು. 2013ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಆಕೆಯ ಕೃತಿಗಳ ದೊಡ್ಡ ಪ್ರದರ್ಶನ ಏರ್ಪಡಿಸಿದಾಗ ಆ ಚಿತ್ರವೂ ತನ್ನ ಗಾಯದೊಂದಿಗೇ ಅಲ್ಲಿತ್ತು. ಕಲಾವಿದೆಗೆ ಆಗ 97 ತುಂಬುವುದರಲ್ಲಿತ್ತು. 2017ರಲ್ಲಿ ಅವರು ನಿಧನರಾದರು.

ಈಗ ನಿಮ್ಮ ಹಾಳೆಯ ನಕ್ಷತ್ರವನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ತ್ರಿಕೋನಗಳು ಎರಡು, ನಕ್ಷತ್ರ ಒಂದೇ. ನಾಡನ್ನು ಯುದ್ಧ ತುಂಡು ತುಂಡಾಗಿ ಒಡೆಯುವ ಎಷ್ಟೋ ಮೊದಲೇ ತುಂಡುಗಳನ್ನು ಕೂಡಿಸುವ ಈ ಲೆಕ್ಕವನ್ನು ಆಕೆ ಬರೆದಿಟ್ಟಿದ್ದರು.