ಯೆನ್ಸೆನ್ ಎಂಬ ಡೇನಿಷ್ ಕುಲನಾಮ: ಉಗಮ, ಅರ್ಥ ಮತ್ತು ಪ್ರಸಾರ

ಡೆನ್ಮಾರ್ಕ್ ದೇಶದ ಜನಸಂಖ್ಯೆ ಸುಮಾರು 60 ಲಕ್ಷ. ಅವರಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟ ಜನ ‘ಯೆನ್ಸೆನ್’ ಎಂಬ ಒಂದೇ ಕುಲನಾಮವನ್ನು ಹೊತ್ತವರಾಗಿದ್ದಾರೆ. ರೋಮನ್ ಲಿಪಿಯಲ್ಲಿ ಈ ಹೆಸರು ‘ಜೆ’ ಅಕ್ಷರದಿಂದ ಮೊದಲಾಗುವುದಾದರೂ ಡೇನರು ಅದನ್ನು ಯಕಾರದಿಂದಲೇ ಉಚ್ಚರಿಸುತ್ತಾರೆ. ಬಹುಕಾಲ ಆ ದೇಶದ ಕುಲನಾಮಗಳಲ್ಲಿ ಇದಕ್ಕೇ ಅಗ್ರಸ್ಥಾನವಿದ್ದಿತು. ಇತ್ತೀಚಿನ ಗಣನೆಗಳಲ್ಲಿ ‘ನೀಲ್ಸೆನ್’ ಎಂಬುದು ಅಲ್ಪ ಅಂತರದಿಂದ ಇದನ್ನು ಹಿಂದೆ ಹಾಕಿದೆ. ಇಷ್ಟು ಜನರಿಗೆ ಒಂದೇ ಹೆಸರಿರುವುದನ್ನು ಕಂಡಾಗ, ಇವರೆಲ್ಲರೂ ಒಬ್ಬ ಮೂಲಪುರುಷನ ಸಂತತಿಯವರಾಗಿರಬಹುದೆಂಬ ಊಹೆ ಹುಟ್ಟುವುದು ಸಹಜ. ಆದರೆ ಈ ಊಹೆಗೆ ಚರಿತ್ರೆಯಲ್ಲಿ ಆಧಾರವಿಲ್ಲ. ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಿದ್ದ ಹೆಸರಿನ ಪದ್ಧತಿಯೊಂದು ರಾಜಾಜ್ಞೆಯಿಂದ ಸ್ತಬ್ಧವಾದ ಗಳಿಗೆಯಲ್ಲಿ ಯಾರ ತಂದೆಯ ಹೆಸರು ಯೆನ್ಸ್ ಎಂದಿದ್ದಿತೋ ಅವರ ಸಂತತಿಯೆಲ್ಲ ಯೆನ್ಸೆನ್ ಆಯಿತು. ಇದು ಹೇಗೆ ನಡೆಯಿತು, ಇದರಿಂದ ಉಳಿದದ್ದೇನು, ಅಳಿದದ್ದೇನು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ಪದದ ಅರ್ಥವನ್ನು ನೋಡೋಣ. ‘ಸೆನ್’ ಎಂದರೆ ಮಗ. ‘ಯೆನ್ಸೆನ್’ ಎಂದರೆ ಯೆನ್ಸನ ಮಗ. ಯೆನ್ಸ್ ಎಂಬುದು ಯೊಹಾನಸ್ ಎಂಬ ಹೆಸರಿನ ಡೇನಿಷ್ ತದ್ಭವ. ಯೊಹಾನಸ್ ಎಂಬುದಾದರೋ ‘ದೇವರು ಕೃಪಾಳು’ ಎಂಬ ಅರ್ಥವುಳ್ಳ ಹೀಬ್ರೂ ನಾಮದಿಂದ ಬಂದದ್ದು. ಹತ್ತನೆಯ ಶತಮಾನದಲ್ಲಿ ಹೆರಾಲ್ಡ್ ದೊರೆಯ ಕಾಲದಲ್ಲಿ ಡೇನರು ಕ್ರೈಸ್ತಮತವನ್ನು ಅಂಗೀಕರಿಸಿದ ತರುವಾಯ ಸಂತರ ಹೆಸರುಗಳು ಕ್ರಮೇಣ ಅಲ್ಲಿನ ಹಳೆಯ ನಾಮಗಳ ಸ್ಥಾನವನ್ನು ಆಕ್ರಮಿಸಿದವು. ಹಾನ್ಸ್ ಎಂಬ ಹೆಸರೂ ಯೊಹಾನಸ್ ಎಂಬುದರ ಸಂಕ್ಷೇಪವೇ ಆಗಿರುವುದು ಗಮನಾರ್ಹ. ಆದಕಾರಣ ಯೆನ್ಸೆನ್, ಹಾನ್ಸೆನ್, ಯೊಹಾನ್ಸೆನ್ ಎಂಬ ಮೂರು ಕುಲನಾಮಗಳು ಭಾಷಾದೃಷ್ಟಿಯಿಂದ ಒಂದೇ ಬೇರಿನ ಕವಲುಗಳು.

ಪೂರ್ವದಲ್ಲಿ ಡೆನ್ಮಾರ್ಕಿನ ರೈತಾಪಿ ಜನರಿಗೆ ಸ್ಥಿರವಾದ ಕುಲನಾಮವೆಂಬುದೇ ಇರಲಿಲ್ಲ. ನೀಲ್ಸನ ಮಗ ಯೆನ್ಸನಾದರೆ ಅವನು ಯೆನ್ಸ್ ನೀಲ್ಸೆನ್ ಎನಿಸಿಕೊಳ್ಳುವನು. ಅವನ ಮಗ ನೀಲ್ಸ್ ಯೆನ್ಸೆನ್. ಮೊಮ್ಮಗ ಪುನಃ ಯೆನ್ಸ್ ನೀಲ್ಸೆನ್. ಹಿರಿಯ ಮಗನಿಗೆ ಅಜ್ಜನ ಹೆಸರಿಡುವ ರೂಢಿ ಇದ್ದುದರಿಂದ ಎರಡು ಹೆಸರುಗಳು ಹೀಗೆ ಸರದಿಯಂತೆ ಸುತ್ತುತ್ತಿದ್ದವು. ಹೊಸ ಹೆಸರುಗಳಿಗೆ ಅವಕಾಶ ಕಡಮೆಯಾಗಿ ಯೆನ್ಸ್, ನೀಲ್ಸ್, ಹಾನ್ಸ್, ಪೆಡರ್, ಆಂಡರ್ಸ್ ಮೊದಲಾದ ಕೆಲವೇ ಹೆಸರುಗಳು ಹಳ್ಳಿಹಳ್ಳಿಯಲ್ಲಿಯೂ ಆವರ್ತಿಸುತ್ತಿದ್ದುದಕ್ಕೆ ಇದೂ ಒಂದು ಮುಖ್ಯ ಕಾರಣ. ಹೆಣ್ಣುಮಕ್ಕಳ ವಿಷಯದಲ್ಲಿಯೂ ಇದೇ ನ್ಯಾಯ: ಯೆನ್ಸನ ಮಗಳು ‘ಯೆನ್ಸ್‌ದಾತರ್’. ‘ದಾತರ್’ ಎಂದರೆ ಮಗಳು. ವಿವಾಹವಾದ ಮೇಲೆಯೂ ಆಕೆ ತಂದೆಯ ಹೆಸರಿನಿಂದಲೇ ಪರಿಚಿತಳಾಗಿರುತ್ತಿದ್ದಳು.

ಈ ಪದ್ಧತಿಯಲ್ಲಿ ರಾಜ್ಯಾಧಿಕಾರವು ಮೊದಲು ಕೈಹಾಕಿದ್ದು ಶ್ರೀಮಂತ ವರ್ಗದವರ ಮಟ್ಟಿಗೆ. ಸ್ಥಿರವಾದ ಕುಲನಾಮವನ್ನು ಹೊಂದಿರತಕ್ಕದ್ದೆಂದು 1526ರಲ್ಲಿ ಒಂದನೆಯ ಫ್ರೆಡರಿಕ್ ದೊರೆಯು ಅವರಿಗೆ ಆಜ್ಞಾಪಿಸಿದನು. ಸಾಮಾನ್ಯರ ಗೊಡವೆಗೆ ಆಗ ಯಾರೂ ಹೋಗಲಿಲ್ಲ. ಆದರೆ ಮುಂದೆ ರಾಜ್ಯದ ಲೆಕ್ಕಪತ್ರಗಳು ಬೆಳೆದವು. 1645–46ರಲ್ಲಿ ಜನನ, ವಿವಾಹ, ಮರಣಗಳನ್ನು ಪಾದ್ರಿಗಳು ಚರ್ಚಿನ ದಾಖಲೆಪುಸ್ತಕದಲ್ಲಿ ಬರೆದಿಡಬೇಕೆಂಬ ಆಜ್ಞೆ ಹೊರಟಿತು. 1787ರಲ್ಲಿ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಂಡ ಜನಗಣತಿ ನಡೆಯಿತು. ತಲೆಮಾರಿಗೊಮ್ಮೆ ಬದಲಾಗುವ ಹೆಸರು ಹಳ್ಳಿಯ ನೆರೆಹೊರೆಗೆ ಸಾಕಾಗಿದ್ದರೂ ದಫ್ತರಕ್ಕೆ ತೊಡಕಾಯಿತು. 1771ರಲ್ಲಿ, ಸ್ಟ್ರೂಯೆನ್ಸೆ ಎಂಬ ಮಂತ್ರಿಯ ಆಡಳಿತಕಾಲದಲ್ಲಿ, ಶ್ಲೆಸ್ವಿಗ್ ಪ್ರಾಂತದವರಿಗೆ ಸ್ಥಿರನಾಮಗಳನ್ನು ವಿಧಿಸಲಾಯಿತು. 1828ರ ಮೇ ತಿಂಗಳಲ್ಲಿ ಹೊರಟ ಜ್ಞಾನಸ್ನಾನದ ಶಾಸನವು ಡೆನ್ಮಾರ್ಕಿನಲ್ಲಿಯೂ ಪ್ರತಿ ಶಿಶುವಿಗೆ ಸ್ವಂತ ಹೆಸರಿನೊಡನೆ ಮುಂದೆ ಉಳಿಯತಕ್ಕ ಕುಲನಾಮವೊಂದನ್ನೂ ಗೊತ್ತುಮಾಡಬೇಕೆಂದು ವಿಧಿಸಿತು. 1856ರಲ್ಲಿ ಇದೇ ನಿಯಮವನ್ನು ಪುನಃ ಹೇಳಬೇಕಾಯಿತೆಂಬುದರಿಂದಲೇ ಮೊದಲನೆಯ ಶಾಸನವು ಎಷ್ಟರಮಟ್ಟಿಗೆ ಪಾಲಿಸಲ್ಪಟ್ಟಿತೆಂಬುದು ಊಹ್ಯ.

ಶಾಸನವು ಹುಟ್ಟಿದ ದಿನವೇ ಆಚಾರವು ಸಾಯುವುದಿಲ್ಲವೆಂಬುದಕ್ಕೆ ಮೂವರು ಪ್ರಸಿದ್ಧರ ಹೆಸರುಗಳೇ ಸಾಕ್ಷಿಯಾಗಿವೆ. ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸೆನ್ 1805ರಲ್ಲಿ ಓಡೆನ್ಸ ಪಟ್ಟಣದಲ್ಲಿ ಹುಟ್ಟಿದನು. ಅವನ ಅಜ್ಜ ಆಂಡರ್ಸ್ ಹಾನ್ಸೆನ್, ತಂದೆ ಹಾನ್ಸ್ ಆಂಡರ್ಸೆನ್. ಹಳೆಯ ನ್ಯಾಯದಂತೆ ಮಗನು ಹಾನ್ಸೆನ್ ಎನಿಸಬೇಕಾಗಿದ್ದಿತು. ಆದರೆ ಶಾಸನಕ್ಕೆ 23 ವರ್ಷಗಳ ಮೊದಲೇ ಈ ಪಟ್ಟಣದ ಮನೆಯಲ್ಲಿ ತಂದೆಯ ಹೆಸರು ಸ್ಥಿರವಾಗಿಬಿಟ್ಟಿದೆ. ಇದಕ್ಕೆ ವಿರುದ್ಧವಾಗಿ, ಅದೇ ಫ್ಯೂನೆನ್ ದ್ವೀಪದ ಹಳ್ಳಿಯೊಂದರಲ್ಲಿ 1865ರಲ್ಲಿ ಹುಟ್ಟಿದ ಸಂಗೀತಕಾರ ಕಾರ್ಲ್ ನೀಲ್ಸೆನ್ ಅವರ ತಂದೆಯ ಹೆಸರು ನೀಲ್ಸ್ ಯೋರ್ಗೆನ್ಸೆನ್. ಶಾಸನವಾಗಿ 37 ವರ್ಷಗಳು ಕಳೆದಿದ್ದರೂ ಇಲ್ಲಿ ಮಗನು ಅಕ್ಷರಶಃ ‘ನೀಲ್ಸನ ಮಗ’ನೇ ಆಗಿದ್ದಾನೆ. ಇನ್ನು 1944ರ ನೊಬೆಲ್ ಸಾಹಿತ್ಯ ಪಾರಿತೋಷಿಕವನ್ನು ಪಡೆದ ಯೊಹಾನಸ್ ವಿ. ಯೆನ್ಸೆನ್ ಉತ್ತರ ಜಟ್ಲೆಂಡಿನಲ್ಲಿ 1873ರಲ್ಲಿ ಹುಟ್ಟಿದವರು. ಅವರ ತಂದೆ, ಪಶುವೈದ್ಯರಾಗಿದ್ದ ಹಾನ್ಸ್ ಯೆನ್ಸೆನ್. ಇಲ್ಲಿ ಹೊಸ ನಿಯಮವು ನೆಲೆಗೊಂಡಿದೆ. ಹಾನ್ಸನ ಮಗನು ಯೆನ್ಸನ ಮಗನೆಂಬ ಹೆಸರಿನಿಂದ ಲೋಕಪ್ರಸಿದ್ಧನಾದನು.

ಈ ಕೊನೆಯ ಮನೆತನದಲ್ಲಿಯೇ ನಾವು ಇನ್ನೊಂದು ಅಂಶವನ್ನೂ ಕಾಣುತ್ತೇವೆ. ಯೊಹಾನಸ್ ಅವರ ತಂಗಿ ಥಿತ್ ಯೆನ್ಸೆನ್ (1876–1957) ಕೂಡ ಹೆಸರಾಂತ ಲೇಖಕಿ. ಸ್ತ್ರೀಯರ ಹಕ್ಕುಗಳಿಗಾಗಿ ಊರೂರು ಸುತ್ತಿ ಭಾಷಣ ಮಾಡಿದವರು. ನೂರು ವರ್ಷಗಳ ಹಿಂದೆ ಹುಟ್ಟಿದ್ದರೆ ಆಕೆ ಹಾನ್ಸ್‌ದಾತರ್ ಎನಿಸಿಕೊಳ್ಳುತ್ತಿದ್ದಳು. ಶಾಸನಾನಂತರದಲ್ಲಿ ಸ್ತ್ರೀಸ್ವಾತಂತ್ರ್ಯದ ಈ ಪ್ರತಿಪಾದಕಿಯು ‘ಯೆನ್ಸನ ಮಗ’ ಎಂಬ ಹೆಸರನ್ನೇ ಹೊರಬೇಕಾಯಿತು. ಪುತ್ರಸೂಚಕ ಪದವು ಕುಲನಾಮವಾಗಿ ನಿಂತಾಗ ‘ದಾತರ್’ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಳಕೆ ತಪ್ಪುತ್ತ ಬಂದಿತು. ಹೆಣ್ಣನ್ನು ಮಗಳೆಂದು ಹೆಸರಿನಲ್ಲಿಯೇ ಗುರುತಿಸುತ್ತಿದ್ದ ರೂಢಿಯು ಹೀಗೆ ಸದ್ದಿಲ್ಲದೆ ಅಳಿಯಿತು. ಯೆನ್ಸೆನ್ ಎಂಬ ಹೆಸರಿನ ವಿಪುಲತೆಯನ್ನು ವಿವರಿಸುವವರು ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರಲಾಗದು. ಆ ಎರಡು ಲಕ್ಷ ಜನರಲ್ಲಿ ಅಸಂಖ್ಯ ಸ್ತ್ರೀಯರೂ ಸೇರಿದ್ದಾರೆ.

ಒಂದೇ ಹೆಸರಿನ ಬಾಹುಳ್ಯದಿಂದ ಗೊಂದಲವೂ ಉಂಟಾಯಿತು. ಸ್ಥಿರನಾಮವನ್ನು ವಿಧಿಸಿದ್ದು ಜನರನ್ನು ಬೇರೆಬೇರೆಯಾಗಿ ಗುರುತಿಸುವುದಕ್ಕಾಗಿ; ಆದರೆ ‘ಸೆನ್’ ಅಂತ್ಯದ ಕೆಲವೇ ಹೆಸರುಗಳು ದೇಶವನ್ನೆಲ್ಲ ವ್ಯಾಪಿಸಿದ್ದರಿಂದ ಆ ಉದ್ದೇಶವೇ ಕುಂಠಿತವಾಯಿತು. 1904ರ ಕಾನೂನು ಇಂಥ ಹೆಸರುಗಳನ್ನು ತೊರೆದು ಬೇರೆ ಕುಲನಾಮವನ್ನು ಸ್ವೀಕರಿಸುವುದನ್ನು ಸುಲಭಗೊಳಿಸಿತು. ಅನೇಕರು ನಡುವೆ ಇನ್ನೊಂದು ಹೆಸರನ್ನು ಸೇರಿಸಿಕೊಂಡರು. 1993ರಿಂದ 2011ರವರೆಗೆ ಡೆನ್ಮಾರ್ಕಿನ ಪ್ರಧಾನಿಗಳಾಗಿದ್ದ ಪೌಲ್ ನ್ಯೂರುಪ್ ರಾಸ್ಮುಸೆನ್, ಆಂಡರ್ಸ್ ಫೋಗ್ ರಾಸ್ಮುಸೆನ್, ಲಾರ್ಸ್ ಲೋಕೆ ರಾಸ್ಮುಸೆನ್ ಎಂಬ ಮೂವರೂ ಪರಸ್ಪರ ಬಂಧುಗಳಲ್ಲ. ಆದ್ದರಿಂದಲೇ ಜನರು ಅವರನ್ನು ನ್ಯೂರುಪ್, ಫೋಗ್, ಲೋಕೆ ಎಂದು ನಡುಹೆಸರಿನಿಂದ ಗುರುತಿಸಿದರು. ಯೆನ್ಸೆನ್ನರ ಸ್ಥಿತಿಯೂ ಇದೇ.

2006ರ ಏಪ್ರಿಲ್ 1ರಂದು ಜಾರಿಗೆ ಬಂದ ನಾಮಕರಣದ ಕಾನೂನು, ತಂದೆಯ ಅಥವಾ ತಾಯಿಯ ಹೆಸರಿಗೆ ಮಗನೆಂದೋ ಮಗಳೆಂದೋ ಸೂಚಿಸುವ ಪ್ರತ್ಯಯವನ್ನು ಸೇರಿಸಿ ಕುಲನಾಮವನ್ನು ರಚಿಸಿಕೊಳ್ಳಲು ಮತ್ತೆ ಅವಕಾಶ ಕೊಟ್ಟಿದೆ. 1828ರಲ್ಲಿ ಮುಚ್ಚಿದ ಬಾಗಿಲು 178 ವರ್ಷಗಳ ಬಳಿಕ ತೆರೆದಂತಾಯಿತು. ತಾಯಿಯ ಹೆಸರಿಗೂ ಅಲ್ಲಿ ಸ್ಥಾನ ದೊರೆತಿದೆ.

ಮೇಲಿನ ವಿವರಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಹಳೆಯ ದಾಖಲೆಗಳಲ್ಲಿ ಒಬ್ಬ ಯೆನ್ಸೆನ್ ಮತ್ತೊಬ್ಬ ಯೆನ್ಸೆನ್ನನ ಬಂಧುವೆಂದು ನಾವು ಭಾವಿಸುವಂತಿಲ್ಲ. ಹಾಗೆಯೇ ನೀಲ್ಸೆನ್ ಎಂಬವನು ಅವನಿಗೆ ಪರಕೀಯನೆಂದೂ ಭಾವಿಸುವಂತಿಲ್ಲ. ಅವನು ಅವನ ತಂದೆಯೇ ಆಗಿರಬಹುದು. ಡೇನಿಷ್ ವಂಶಾವಳಿಗಳನ್ನು ಅಭ್ಯಸಿಸುವವರು ಹೆಸರಿಗಿಂತ ಮೊದಲು ಆ ಹೆಸರನ್ನು ಬರೆದ ವರ್ಷವನ್ನೂ ಊರನ್ನೂ ವಿಚಾರಿಸಿಕೊಳ್ಳುವುದು ಅವಶ್ಯಕ.