ಸಲಹೆಗಾರರ ಕುರ್ಚಿ: ವಿಶ್ವಸಂಸ್ಥೆಯ 71ನೇ ವಿಧಿ ಮತ್ತು ದಲಿತ ಸಂಘಟನೆಗಳು

1944ರಲ್ಲಿ ಡಂಬರ್ಟನ್ ಓಕ್ಸ್‌ನಲ್ಲಿ ಸಿದ್ಧವಾದ ವಿಶ್ವಸಂಸ್ಥೆಯ ಕರಡಿನಲ್ಲಿ ಸರ್ಕಾರೇತರ ಸಂಘಟನೆಗಳ ಪ್ರಸ್ತಾಪವೇ ಇರಲಿಲ್ಲ. ಮರುವರ್ಷದ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನಕ್ಕೆ ಅಮೆರಿಕ 42 ಸಂಘಟನೆಗಳನ್ನು ಸಲಹೆಗಾರರಾಗಿ ಆಹ್ವಾನಿಸಿತು. ಕಾರ್ಮಿಕ ಸಂಘಗಳು, ಚರ್ಚ್ ಮಂಡಳಿಗಳು, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಅವುಗಳಲ್ಲಿದ್ದವು. ಇಂಥ ಸಂಘಟನೆಗಳ ಒತ್ತಾಯವೂ ಸೇರಿ ಸನ್ನದಿಗೆ 71ನೇ ವಿಧಿ ಬಂತು.

ವಿಧಿ ಬಂದರೂ ಅದರ ಕೈ ಬಿಗಿಯಾಗಿಯೇ ಇತ್ತು. ಅದರ ಹಿಂದಿನ ಎರಡು ವಿಧಿಗಳು ಇತರ ರಾಷ್ಟ್ರಗಳಿಗೂ ವಿಶೇಷ ಸಂಸ್ಥೆಗಳಿಗೂ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಚರ್ಚೆಯಲ್ಲಿ ಮತದಾನವಿಲ್ಲದೆ ಪಾಲ್ಗೊಳ್ಳುವ ಅವಕಾಶ ಕೊಟ್ಟವು. ಜನಸಂಘಟನೆಗಳಿಗೆ ದಕ್ಕಿದ್ದು ಸಮಾಲೋಚನೆಯಷ್ಟೇ. ಅದೂ ಒಂದು ದೇಶದೊಳಗಿನ ಸಂಘಟನೆಯಾದರೆ ಆ ದೇಶದ ಸರ್ಕಾರದ ಅಭಿಪ್ರಾಯ ಕೇಳಿಯೇ. ತನ್ನ ಸರ್ಕಾರದ ಮೇಲೆ ದೂರು ಹೊತ್ತು ಬಂದವರ ಮಟ್ಟಿಗೆ ಈ ಷರತ್ತು ಎಷ್ಟು ಭಾರವೆಂಬುದನ್ನು ಮುಂದಿನ ಇತಿಹಾಸ ತೋರಿಸಿತು.

ಇಂದು ಜಾರಿಯಲ್ಲಿರುವ ನಿಯಮಗಳು ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ 1996ರ 31ನೇ ನಿರ್ಣಯದವು. ಸಲಹೆಗಾರ ಸ್ಥಾನಕ್ಕೆ ಸಾಮಾನ್ಯ, ವಿಶೇಷ, ರೋಸ್ಟರ್ ಎಂಬ ಮೂರು ದರ್ಜೆಗಳಿವೆ. ಅರ್ಜಿಗಳನ್ನು ಮೊದಲು ಪರಿಶೀಲಿಸುವುದು 19 ಸದಸ್ಯ ರಾಷ್ಟ್ರಗಳ ಸಮಿತಿ. ಅಲ್ಲಿ ತೀರ್ಮಾನಗಳು ಸಾಮಾನ್ಯವಾಗಿ ಸರ್ವಾನುಮತದಿಂದಲೇ ಆಗುತ್ತವೆ. ಹಾಗಾಗಿ ಯಾವ ರಾಷ್ಟ್ರವೂ ಅರ್ಜಿಯನ್ನು ತಿರಸ್ಕರಿಸಿ ಎಂದು ಹೇಳಬೇಕಾಗಿಲ್ಲ, ಒಂದು ಪ್ರಶ್ನೆ ಕೇಳಿದರೆ ಸಾಕು. ಹಣ ಎಲ್ಲಿಂದ ಬಂತು, ಜೊತೆಗಿರುವ ಸಂಘಗಳು ಯಾವುವು ಎಂದು ಕೇಳಿದ ಕೂಡಲೇ ಅರ್ಜಿ ಮುಂದಿನ ಅಧಿವೇಶನಕ್ಕೆ ಹೋಗುತ್ತದೆ. ಉತ್ತರ ಬಂದಾಗ ಹೊಸ ಪ್ರಶ್ನೆ ಸಿದ್ಧವಿರುತ್ತದೆ.

ಈ ಪಟ್ಟು ದಲಿತ ಸಂಘಟನೆಗಳಿಗೆ ಚೆನ್ನಾಗಿ ಗೊತ್ತು. ಆದರೆ ಅವು ಸರ್ಕಾರವನ್ನು ಎದುರಿಸಿದ್ದು ಈ ಸಮಿತಿಯಲ್ಲಷ್ಟೇ ಅಲ್ಲ. 2001ರಲ್ಲಿ ಡರ್ಬನ್‌ನ ಜನಾಂಗೀಯವಾದ ವಿರೋಧಿ ಸಮ್ಮೇಳನಕ್ಕೆ ಭಾರತದಿಂದ ದೊಡ್ಡ ತಂಡವೇ ಹೋಯಿತು. 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಕಟ್ಟಿದ್ದ ಬೆಂಗಳೂರಿನ ರೂತ್ ಮನೋರಮಾ ಅಲ್ಲಿದ್ದರು. ಜಾತಿ ಬೇರೆ, ಜನಾಂಗ ಬೇರೆ ಎಂದು ಭಾರತ ಸರ್ಕಾರ ಪಟ್ಟು ಹಿಡಿಯಿತು. ಕೆಲಸ ಮತ್ತು ಹುಟ್ಟಿನ ಆಧಾರದ ತಾರತಮ್ಯವನ್ನು ಹೆಸರಿಸಿದ್ದ ಕರಡಿನ ಭಾಗ ಅಂತಿಮ ದಾಖಲೆಗೆ ಬರಲಿಲ್ಲ.

ಎಲ್ಲವೂ ಆ ಸೋಲಿನಲ್ಲೇ ಮುಗಿಯಲಿಲ್ಲವೆಂಬುದು ಈ ಕಥೆಯ ಮುಖ್ಯ ಭಾಗ. 1965ರ ಜನಾಂಗೀಯ ತಾರತಮ್ಯ ನಿವಾರಣಾ ಒಡಂಬಡಿಕೆಯ ಮೊದಲ ವಿಧಿಯಲ್ಲಿ ವರ್ಣ, ಜನಾಂಗಗಳ ಜೊತೆ ವಂಶಮೂಲವೂ ಇದೆ. ಅದನ್ನು ಸೇರಿಸಲು ಸೂಚಿಸಿದ್ದು ಭಾರತವೇ! ಒಡಂಬಡಿಕೆಯ ಉಸ್ತುವಾರಿ ನೋಡುವ ತಜ್ಞರ ಸಮಿತಿಗೆ ವರದಿ ಕೊಡಲು ಸಲಹೆಗಾರ ಸ್ಥಾನ ಬೇಕಿಲ್ಲ. 2002ರ ಆಗಸ್ಟ್‌ನಲ್ಲಿ ಆ ಸಮಿತಿ ನಡೆಸಿದ ಚರ್ಚೆಯಲ್ಲಿ ದಲಿತರ ಜೊತೆ ಜಪಾನಿನ ಬುರಾಕು ಸಮುದಾಯದವರೂ ತಮ್ಮ ಅನುಭವ ಹೇಳಿಕೊಂಡರು. ಅದರ ಫಲ 29ನೇ ಸಾಮಾನ್ಯ ಶಿಫಾರಸು: ಜಾತಿಯಂಥ ವಂಶಪಾರಂಪರ್ಯ ತಾರತಮ್ಯವೂ ಒಡಂಬಡಿಕೆಯ ವ್ಯಾಪ್ತಿಗೆ ಸೇರುತ್ತದೆ. 2007ರಲ್ಲಿ ಭಾರತದ ಪರಿಶೀಲನೆಯ ಸರದಿ ಬಂದಾಗ ಸಂಘಟನೆಗಳ ಪರ್ಯಾಯ ವರದಿಗಳೂ ಸಮಿತಿಯ ಮುಂದಿದ್ದವು. ಜಾತಿ ಬೇರೆ, ಜನಾಂಗ ಬೇರೆ ಎಂಬ ಸರ್ಕಾರದ ವಾದವನ್ನು ಅದು ಒಪ್ಪಲಿಲ್ಲ. ಡರ್ಬನ್‌ನ ದೊಡ್ಡ ಸಭೆಯಲ್ಲಿ ಸಿಗದಿದ್ದನ್ನು ಜಿನೀವಾದ ಈ ಸಣ್ಣ ಕೋಣೆ ಕೊಟ್ಟಿತು. ಇದು ಆಕಸ್ಮಿಕವಲ್ಲ. ಡರ್ಬನ್‌ನಲ್ಲಿ ಕೂತವರು ಸರ್ಕಾರಗಳ ಪ್ರತಿನಿಧಿಗಳು, ಇಲ್ಲಿಯವರು ಸ್ವತಂತ್ರ ತಜ್ಞರು.

19 ರಾಷ್ಟ್ರಗಳ ಸಮಿತಿ ಸೇರುವ ನ್ಯೂಯಾರ್ಕಿನ ಬಾಗಿಲು ಮಾತ್ರ ಮುಚ್ಚಿಯೇ ಇತ್ತು. 2000ದಲ್ಲಿ ಹುಟ್ಟಿ ಕೋಪನ್‌ಹೇಗನ್‌ನಲ್ಲಿ ಕಚೇರಿ ಹೊಂದಿದ ಅಂತರರಾಷ್ಟ್ರೀಯ ದಲಿತ ಐಕ್ಯತಾ ಜಾಲದ ಅರ್ಜಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಮಿತಿಯಲ್ಲೇ ಉಳಿಯಿತು. ಭಾರತವೊಂದೇ ನೂರಕ್ಕೂ ಹೆಚ್ಚು ಪ್ರಶ್ನೆ ಕೇಳಿತು. ಕೊನೆಗೆ 2022ರ ಡಿಸೆಂಬರ್‌ನಲ್ಲಿ ಮಂಡಳಿಯೇ ವಿಷಯವನ್ನು ಮತಕ್ಕೆ ಹಾಕಿ ವಿಶೇಷ ದರ್ಜೆ ಕೊಟ್ಟಿತು. ಈ ದರ್ಜೆಯ ಸಂಸ್ಥೆ ಮಂಡಳಿಗೆ 500 ಪದಗಳೊಳಗಿನ ಲಿಖಿತ ಹೇಳಿಕೆ ಸಲ್ಲಿಸಬಹುದು. ನಾಲ್ಕು ವರ್ಷಕ್ಕೊಮ್ಮೆ ತನ್ನ ಕೆಲಸದ ವರದಿಯನ್ನು ಆ 19 ರಾಷ್ಟ್ರಗಳ ಸಮಿತಿಗೇ ಒಪ್ಪಿಸಬೇಕು. ಭಾರತ ಆ ಸಮಿತಿಯಲ್ಲಿ 2023ರಿಂದ 2026ರ ಅವಧಿಗೂ ಸದಸ್ಯ.