ಕಾರು ಮಾಡಿಕೊಂಡು ಅರಮನೆ ನೋಡೋಕೆ ಹೋದ ದಿನ: ಮಾಡು ರಿಪೇರಿಗೆ ದುಡ್ಡು ಯಾರದ್ದು?



ಈ ಎಪಿಸೋಡ್ ಶುರುವಾಗಿದ್ದು ಒಂದು ವಾಟ್ಸ್‌ಆ್ಯಪ್ ಫೋಟೋದಿಂದ. ನನ್ನ ದೊಡ್ಡಮ್ಮನ ಮಗ ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದಾರೆ. ಒಂದು ಭಾನುವಾರ ಕಪ್ಪು ಕಾರು, ಕೋಟು ಹಾಕಿದ ಡ್ರೈವರ್, ಹಿಂದೆ ದೊಡ್ಡ ಕಲ್ಲಿನ ಕೋಟೆ ಇರೋ ಫೋಟೋ ಕಳಿಸಿದ್ರು. ಅದು ಟ್ರಿಮ್ ಕ್ಯಾಸಲ್. 1170ರ ದಶಕದಲ್ಲಿ ಹ್ಯೂ ಡಿ ಲೇಸಿ ಅನ್ನೋ ನಾರ್ಮನ್ ಸರದಾರ ಕಟ್ಟಿಸೋಕೆ ಶುರುಮಾಡಿದ ಕೋಟೆ. 'ಬ್ರೇವ್‌ಹಾರ್ಟ್' ಸಿನಿಮಾದಲ್ಲಿ ಅದನ್ನೇ ನೀವು ನೋಡಿದ್ದೀರಿ. ಫೋಟೋ ಕೆಳಗೆ ಒಂದು ಸಾಲು: "ನಮ್ಮ ಕಡೆ ಇಂಥದ್ದು ಎಂತ ಉಂಟು ಮಾರಾಯ? ಬರೀ ತೋಟ, ದೇವಸ್ಥಾನ."

ನಂಗೆ ಸ್ವಲ್ಪ ಉರೀತು. ನಮ್ಮ ಕಡೆ ಅರಸರಿಗೆ ಬರ ಇರ್ಲಿಲ್ಲ. ಬಂಗರು, ಅಜಿಲರು, ಚೌಟರು: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಊರಿನ ಸುತ್ತಲೇ ಮೂರು ಜೈನ ಅರಸುಮನೆತನ. ಹಾಗಾದ್ರೆ ಅವರ ಕೋಟೆ, ಅರಮನೆ ಎಲ್ಲ ಎಲ್ಲಿ? ನಾವೂ ಒಂದು ದಿನಕ್ಕೆ ಕಾರು ಮಾಡಿ ನೋಡುವ ಅಂತ ಹೊರಟೆ.

ಬಿ.ಸಿ. ರೋಡಿಂದ ಬೆಳಗ್ಗೆ ಆರು ಗಂಟೆಗೆ ಹಳದಿ ಬೋರ್ಡಿನ ಕಾರು. ಡ್ರೈವರ್ ಅಣ್ಣನಿಗೆ ಐವತ್ತರ ಮೇಲೆ ವಯಸ್ಸು. ಮದುವೆ ದಿಬ್ಬಣ, ಆಸ್ಪತ್ರೆ, ಏರ್‌ಪೋರ್ಟ್ ಅಂತ ಈ ರಸ್ತೆಗಳಲ್ಲೇ ಓಡಾಡಿದವರು. "ಅರಮನೆ ನೋಡ್ಲಿಕ್ಕಾ? ಧರ್ಮಸ್ಥಳ ಬೇಡ್ವಾ?" ಅಂತ ಎರಡು ಸಲ ಕೇಳಿದ್ರು.

ಮೊದಲು ನಂದಾವರ. ಪಾಣೆಮಂಗಳೂರಿನ ಹತ್ರ, ನೇತ್ರಾವತಿ ದಂಡೆ. ಬಂಗರ ಮೂಲ ನೆಲೆ ಘಟ್ಟದ ಬುಡದ ಬಂಗಾಡಿ. ಆಮೇಲೆ ಅವರು ನಂದಾವರಕ್ಕೂ ಮಂಗಳೂರಿಗೂ ಬಂದರು. ನಂದಾವರದಲ್ಲಿ ಅವರ ಕೋಟೆ ಇತ್ತು. ಇವತ್ತು ಹೋದ್ರೆ ದೇವಸ್ಥಾನ ಚೆನ್ನಾಗಿ ನಿಂತಿದೆ, ಪೂಜೆ ನಡೀತಿದೆ. ಕೋಟೆ ಇತ್ತು ಅನ್ನೋಕೆ ಅವಶೇಷ ಮಾತ್ರ. 1837ರಲ್ಲಿ ಸುಳ್ಯದ ಕಡೆಯಿಂದ ರೈತರು ದಂಡು ಕಟ್ಕೊಂಡು ಬಂದು, ಮಂಗಳೂರನ್ನ ಬ್ರಿಟಿಷರಿಂದ ಕಿತ್ಕೊಂಡು 13 ದಿನ ಆಳಿದ ಕಥೆ ನೀವು ಕೇಳಿರಬಹುದು. ಆ ದಂಗೆಗೆ ಕೈ ಜೋಡಿಸಿದವರಲ್ಲಿ ನಂದಾವರದ ಲಕ್ಷ್ಮಪ್ಪ ಬಂಗರಸರೂ ಒಬ್ಬರು. ಬ್ರಿಟಿಷರು ಅವರನ್ನ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಅಂಥ ಮನೆತನದ ಕೋಟೆ ಇದು. ನೋಡೋಕೆ ಹತ್ತು ನಿಮಿಷ ಸಾಕಾಯ್ತು.

ಅಲ್ಲಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಬೆಳ್ತಂಗಡಿ. ದೂರದಿಂದಲೇ ಗಡಾಯಿಕಲ್ಲು ಕಾಣ್ತದೆ. ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರದ ಒಂದೇ ಬಂಡೆ. ಅದಕ್ಕೆ ನರಸಿಂಹಗಡ ಅಂತಲೂ ಹೆಸರು, ಜಮಾಲಾಬಾದ್ ಅಂತಲೂ ಹೆಸರು. ಹಳೆ ಕೋಟೆ ಇದ್ದ ಜಾಗದಲ್ಲೇ ಟಿಪ್ಪು ಸುಲ್ತಾನ್ ಹೊಸದಾಗಿ ಕಟ್ಟಿಸಿ, ತಾಯಿ ಜಮಾಲ್ ಬೀ ಹೆಸರಿಟ್ಟ ಅನ್ನೋದು ರೂಢಿಯ ಮಾತು. ಕಟ್ಟಿದ ವರ್ಷ 1794 ಅಂತಾರೆ. ಹತ್ತೋಕೆ ಬಂಡೆಯಲ್ಲೇ ಕಡಿದ ಸುಮಾರು 1,800 ಮೆಟ್ಟಿಲು, ಇಕ್ಕಟ್ಟು ದಾರಿ. ಮೇಲೆ ನಾಲ್ಕು ಜನ ಬಂದೂಕು ಹಿಡಿದು ಕೂತ್ರೆ ಕೆಳಗಿನ ಸೈನ್ಯ ಏನೂ ಮಾಡೋಕಾಗಲ್ಲ.

ಇಲ್ಲೇ ಐರ್ಲೆಂಡ್ ನಮ್ಮ ಕಥೆಯೊಳಗೆ ಬರೋದು. 1799ರಲ್ಲಿ ಟಿಪ್ಪು ಸತ್ತ ಮೇಲೆ ಈ ಕೋಟೆ ಬ್ರಿಟಿಷರ ಕೈಗೆ ಬಂತು. ಸ್ವಲ್ಪ ದಿನಕ್ಕೇ ಕೈ ತಪ್ಪಿತು. ಮತ್ತೆ ಹಿಡಿಯೋಕೆ ಸುಮಾರು ಮೂರು ತಿಂಗಳು ಮುತ್ತಿಗೆ ಹಾಕಿ ಕೂರಬೇಕಾಯ್ತು. 1800ರಲ್ಲಿ ಮತ್ತೆ ಸಿಕ್ಕಿತು. ಆಗ ಶ್ರೀರಂಗಪಟ್ಟಣದಲ್ಲಿದ್ದು ಈ ಭಾಗದ ಸೈನ್ಯದ ಉಸ್ತುವಾರಿ ನೋಡ್ತಿದ್ದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ, 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನ ಸೋಲಿಸಿದವನು ಇವನೇ. ಅವನು ಬಾಲ್ಯ ಕಳೆದಿದ್ದು ಐರ್ಲೆಂಡಿನ ಮೀತ್ ಕೌಂಟಿಯ ಡಂಗನ್ ಕ್ಯಾಸಲ್‌ನಲ್ಲಿ. ಸೈನ್ಯಕ್ಕೆ ಸೇರಿದ ಮೇಲೆ ಅಲ್ಲಿನ ಪಾರ್ಲಿಮೆಂಟಿಗೆ ಟ್ರಿಮ್ ಊರಿನ ಸದಸ್ಯ ಆಗಿದ್ದ. ಹೌದು, ಅಣ್ಣ ಫೋಟೋ ಕಳಿಸಿದ ಅದೇ ಟ್ರಿಮ್! ನಾನು ಮೆಟ್ಟಿಲ ಮೇಲೆ ಕೂತು ಅಣ್ಣನಿಗೆ ವಾಯ್ಸ್ ನೋಟ್ ಕಳಿಸಿದೆ: "ನಿಮ್ಮ ಕೋಟೆ ಊರಿನವನಿಗೆ ನಮ್ಮ ಕಲ್ಲು ಮೂರು ತಿಂಗಳು ಕಾಟ ಕೊಟ್ಟಿದೆ."

ಇಳಿಯುವಾಗ ಒಂದು ಯೋಚನೆ ಬಂತು. ಈ ದಾರಿಯಲ್ಲಿ ನಾನು ನೋಡಿದ ಒಂದೇ ಒಂದು ದೊಡ್ಡ ಕಲ್ಲಿನ ಕೋಟೆ ಇದು. ಇದು ಯಾರೂ ಸಂಸಾರ ಮಾಡಿಕೊಂಡಿದ್ದ ಮನೆ ಅಲ್ಲ, ಯುದ್ಧದ ಠಾಣೆ. ಊರಿನ ಅರಸರು ಹಾಗಾದ್ರೆ ಕಲ್ಲನ್ನ ಎಲ್ಲಿ ಹಾಕಿದ್ರು?

ಉತ್ತರ ವೇಣೂರಿನಲ್ಲಿ ಸಿಕ್ತು. ಗುರುವಾಯನಕೆರೆಗೆ ವಾಪಸ್ ಬಂದು ಮೂಡುಬಿದಿರೆ ರಸ್ತೆ ಹಿಡಿದ್ರೆ ಫಲ್ಗುಣಿ ನದಿ ದಂಡೆಯಲ್ಲಿ ವೇಣೂರು. 1604ರಲ್ಲಿ ತಿಮ್ಮಣ್ಣ ಅಜಿಲ ಅರಸರು ನಿಲ್ಲಿಸಿದ 35 ಅಡಿಯ ಏಕಶಿಲಾ ಬಾಹುಬಲಿ. ಕಾರ್ಕಳದವರು 1432ರಲ್ಲೇ 42 ಅಡಿಯದ್ದು ನಿಲ್ಲಿಸಿದ್ದರು. ತಮ್ಮ ಮೂರ್ತಿಯ ಹೆಸರು ಮಸುಕಾದೀತು ಅಂತ ಕಾರ್ಕಳದ ಅರಸರು ವೇಣೂರಿನ ಮೇಲೆ ದಂಡೆತ್ತಿ ಬಂದಿದ್ದರು ಅನ್ನೋ ಕಥೆ ಇವತ್ತಿಗೂ ಊರಲ್ಲಿ ಹೇಳ್ತಾರೆ. 2024ರಲ್ಲಿ ಇಲ್ಲಿ ಮಹಾಮಸ್ತಕಾಭಿಷೇಕ ಆಯ್ತು, ರೀಲ್ಸ್ ನೋಡಿರ್ತೀರಿ. ಮೂಡುಬಿದಿರೆಗೆ ಹೋದ್ರೆ 1430ರ ಸಾವಿರ ಕಂಬದ ಬಸದಿ. ಅಲ್ಲಿಯೂ ಕಂಬ ಎಲ್ಲ ಕಲ್ಲು, ಅರಸರ ಜೊತೆ ವ್ಯಾಪಾರಿ ಸೆಟ್ಟಿಗಳ ದುಡ್ಡು.

ಅಂದ್ರೆ ಕರಿಕಲ್ಲು ದೇವರಿಗೆ. ಅರಸರಿಗೆ ಮಣ್ಣಿನ ಗೋಡೆ, ಮುರಕಲ್ಲು, ಮರ. ಹಂಪಿಯಲ್ಲೂ ಹಾಗೇ. ದೇವಸ್ಥಾನಗಳು ಇವತ್ತಿಗೂ ನಿಂತಿವೆ, ಅರಮನೆಗಳ ಕಲ್ಲಿನ ಜಗಲಿ ಮಾತ್ರ ಉಳಿದು ಮರದ ಮೇಲ್ಕಟ್ಟಡ ಹೋಗಿದೆ. ಅರಸರಿಗೆ ಬಡತನ ಅಂತಲ್ಲ. ದೊಡ್ಡಸ್ತಿಕೆ ತೋರಿಸೋ ಜಾಗ ಬೇರೆ ಇತ್ತು, ಅಷ್ಟೆ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನೋ ಇಟಲಿಯ ಪ್ರವಾಸಿ ಉಳ್ಳಾಲದ ಚೌಟರ ರಾಣಿಯನ್ನ ನೋಡೋಕೆ ಮಣೇಲ್‌ಗೆ ಬಂದಿದ್ದ. ಸಿಂಹಾಸನದ ಮೇಲೆ ಸಿಗ್ತಾರೆ ಅಂದ್ಕೊಂಡಿದ್ನೋ ಏನೋ. ರಾಣಿ ಸಿಕ್ಕಿದ್ದು ದಾರಿಯಲ್ಲಿ, ಬರಿಗಾಲಲ್ಲಿ, ಕಾಲುವೆ ತೋಡುವ ಕೆಲಸ ನೋಡೋಕೆ ಹೊರಟಾಗ.

ಮೂಡುಬಿದಿರೆಯ ಚೌಟರ ಅರಮನೆಗೆ ತಲುಪುವಾಗ ಮಧ್ಯಾಹ್ನ ಮೂರು. ಉಳ್ಳಾಲದಿಂದ ಪುತ್ತಿಗೆಗೆ, ಪುತ್ತಿಗೆಯಿಂದ 17ನೇ ಶತಮಾನದಲ್ಲಿ ಇಲ್ಲಿಗೆ ಬಂದ ಮನೆತನ. ಗೇಟಿನ ಹತ್ರ ನಾನು ಮೊಬೈಲ್ ಎತ್ತಿ ವಿಡಿಯೋ ಆನ್ ಮಾಡಿದೆ. ಡ್ರೈವರ್ ಅಣ್ಣ ಮೆಲ್ಲಗೆ ಹೇಳಿದ್ರು: "ಅದು ಮನೆ. ಒಳಗೆ ಜನ ಇದ್ದಾರೆ. ಕೇಳಿ ಮತ್ತೆ ತೆಗೀರಿ." ನಾಚಿಕೆ ಆಯ್ತು. ಫೋನ್ ಜೇಬಿಗೆ ಹಾಕಿದೆ, ಚಪ್ಪಲಿ ಬಿಟ್ಟೆ, ಕೇಳಿದೆ, ಒಳಗೆ ಹೋದೆ.

ಚಾವಡಿಯ ಮರದ ಕಂಬಗಳ ಮುಂದೆ ಎಷ್ಟು ಹೊತ್ತು ನಿಂತೆ ಅಂತ ನೆನಪಿಲ್ಲ. ಒಂದರಲ್ಲಿ ನವನಾರಿ ಕುಂಜರ: ಒಂಬತ್ತು ಹೆಂಗಸರ ಮೈ ಸೇರಿ ಒಂದು ಆನೆ. ಇನ್ನೊಂದರಲ್ಲಿ ಪಂಚನಾರಿ ತುರಗ: ಐವರು ಸೇರಿ ಒಂದು ಕುದುರೆ. ಯಾರ ಕೈ ಎಲ್ಲಿ ಸೊಂಡಿಲಾಯ್ತು, ಯಾರ ಕಾಲು ಎಲ್ಲಿ ಗೊರಸಾಯ್ತು ಅಂತ ಕಣ್ಣು ಹುಡುಕ್ತಾನೇ ಇರ್ತದೆ. ಟ್ರಿಮ್‌ನ ದೊಡ್ಡ ಗೋಪುರಕ್ಕೆ ಮಾಡಿಲ್ಲ, ಆದ್ರೂ ಕಲ್ಲು ನಿಂತಿದೆ. ಈ ಕಂಬಕ್ಕೆ ಆ ಅನುಕೂಲ ಇಲ್ಲ. ನಮ್ಮ ಮಳೆ ನಿಮಗೆ ಗೊತ್ತಲ್ಲ. ಹಂಚು ಒಡೆದು ಎರಡು ಮಳೆಗಾಲ ನೀರು ಇಳಿದ್ರೆ ಪಕ್ಕಾಸು ಹಾಳು, ಗೆದ್ದಲು ಹಿಡಿದ್ರೆ ಕಂಬವೂ ಹಾಳು. ಮರದ ಅರಮನೆ ಉಳಿಯೋದು ಅಲ್ಲಿ ಯಾರಾದ್ರೂ ವಾಸ ಇದ್ದು, ಪ್ರತಿ ವರ್ಷ ಮಾಡು ನೋಡಿಕೊಂಡ್ರೆ ಮಾತ್ರ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ನನ್ನ ತಲೆ ಖರ್ಚಿನ ಕಡೆಗೇ ಹೋಗ್ತದೆ. ಮಾಡು ರಿಪೇರಿಗೆ ದುಡ್ಡು ಮೊದಲು ಎಲ್ಲಿಂದ ಬರ್ತಿತ್ತು? ಅರಸೊತ್ತಿಗೆ ಹೋದ ಮೇಲೆ ಬ್ರಿಟಿಷರು ಚೌಟರಿಗೆ ಒಂದು ಸಣ್ಣ ಪಿಂಚಣಿ ಕೊಡ್ತಿದ್ರು. ಆದರೆ ಈ ಜಿಲ್ಲೆಯ ಅರಮನೆ, ಬೀಡು, ಗುತ್ತು, ದೊಡ್ಡ ಮನೆಗಳನ್ನೆಲ್ಲ ನಿಲ್ಲಿಸಿದ್ದು ಭೂಮಿ. ಅಂದ್ರೆ ಗೇಣಿ. ಒಕ್ಕಲು ಬೆಳೆದ ಅಕ್ಕಿ ಮುಡಿ ಕಟ್ಟಿಸಿಕೊಂಡು ಒಡೆಯರ ಮನೆಗೆ ಹೋಗ್ತಿತ್ತು. ಒಂದು ಮುಡಿ ಅಂದ್ರೆ 42 ಸೇರು.

ಐರ್ಲೆಂಡಿನಲ್ಲೂ ಲೆಕ್ಕ ಇದೇ. ಅಲ್ಲಿಯ ಕ್ಯಾಸಲ್, ದೊಡ್ಡ ಬಂಗಲೆಗಳು ಒಕ್ಕಲುಗಳ ಗೇಣಿಯ ಮೇಲೆ ನಿಂತಿದ್ದವು. ದೊಡ್ಡ ಹೋರಾಟ ಆಯ್ತು. 1903ರ ವಿಂಡಮ್ ಕಾಯ್ದೆ ಬಂದ ಮೇಲೆ ಸರ್ಕಾರದ ಸಾಲ ತಗೊಂಡು ಒಕ್ಕಲುಗಳು ಭೂಮಿ ಕೊಂಡರು. ಭೂಮಿ ಹೋದ ಮೇಲೆ ಎಷ್ಟೋ ಬಂಗಲೆಗಳಿಗೆ ಆದಾಯ ಇಲ್ಲ. ಸ್ವಾತಂತ್ರ್ಯದ ಹೋರಾಟದ ವರ್ಷಗಳಲ್ಲಿ ನೂರಾರು ಸುಟ್ಟುಹೋದವು. ವೆಲ್ಲೆಸ್ಲಿಯ ಡಂಗನ್ ಕ್ಯಾಸಲ್ ಇವತ್ತು ಪಾಳು. ಉಳಿದವುಗಳಲ್ಲಿ ಕೆಲವು ಹೋಟೆಲ್ ಆದವು, ಕೆಲವು ಟಿಕೆಟ್ ಇಟ್ಟವು. ಬನ್‌ರಾಟಿ ಕ್ಯಾಸಲ್‌ಗೆ ಮಾಡೇ ಇರಲಿಲ್ಲ. 1954ರಲ್ಲಿ ಲಾರ್ಡ್ ಗಾರ್ಟ್ ಅನ್ನೋರು ಕೊಂಡು ರಿಪೇರಿ ಮಾಡಿಸಿದರು. ಈಗ ಅಲ್ಲಿ ಪ್ರವಾಸಿಗರಿಗೆ ರಾಜರ ಕಾಲದ ಔತಣ. ಅಣ್ಣನ ಕಪ್ಪು ಕಾರು ಕೂಡ ಆ ಆದಾಯದ ಒಂದು ಬಾಲ.

ನಮ್ಮಲ್ಲಿ ಆ ದಿನ 1974ರ ಮಾರ್ಚ್ 1. ಕರ್ನಾಟಕದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು, ಗೇಣಿ ಭೂಮಿ ಸರ್ಕಾರಕ್ಕೆ ಸೇರಿ, ಅರ್ಜಿ ಹಾಕಿದ ಒಕ್ಕಲಿಗೆ ಹಕ್ಕು ಸಿಗೋ ಹಾಗಾಯ್ತು. ದಕ್ಷಿಣ ಕನ್ನಡದಲ್ಲಿ ಇದು ಜೋರಾಗಿ ನಡೀತು. ನಮ್ಮ ಅಜ್ಜಿ ಇವತ್ತಿಗೂ ಕಾಯ್ದೆ ಅನ್ನಲ್ಲ, "ಡಿಕ್ಲರೇಷನ್" ಅಂತಾರೆ. "ಡಿಕ್ಲರೇಷನಲ್ಲಿ ಆದ ಜಾಗ."

ಇದನ್ನ ಹೇಳೋಣವೋ ಬೇಡವೋ ಅಂತ ಎಡಿಟ್ ಮಾಡುವಾಗ ಎರಡು ಸಲ ಯೋಚಿಸಿದೆ. ನಮ್ಮ ಅಜ್ಜ ಒಕ್ಕಲು. ಒಡೆಯರ ಹೆಸರು ಇಲ್ಲಿ ಬೇಡ. ಮಳೆ ಕೈಕೊಟ್ಟ ವರ್ಷವೂ ಗೇಣಿ ಮುಡಿ ಕೊಡಲೇಬೇಕಿತ್ತು, ಮನೆಯಲ್ಲಿ ಗಂಜಿಗೆ ಹೆಚ್ಚು ನೀರು ಹಾಕ್ತಿದ್ರು ಅಂತ ಅಜ್ಜಿ ಹೇಳ್ತಾರೆ. ಟ್ರಿಬ್ಯೂನಲ್ ಮುಂದೆ ಅಜ್ಜ ಮಾತಾಡೋಕೆ ನಿಂತಾಗ ಕೈ ನಡುಗಿತ್ತಂತೆ. ಜಾಗ ಆಯ್ತು. ಅದರಲ್ಲಿ ಅಡಿಕೆ ಹಾಕಿದ್ರು. ಆ ಅಡಿಕೆಯಲ್ಲಿ ನನ್ನ ಕಾಲೇಜು ಫೀಸು, ಈ ಮೈಕು.

ಹಾಗಾಗಿ ಅರಮನೆಯ ಕಂಬದ ಮುಂದೆ ನಿಂತಾಗ ನನಗೆ ಎರಡು ಭಾವನೆ. ಒಂದು, ಆ ಬಡಗಿಯ ಕೈಗೆ ಶರಣು. ಇನ್ನೊಂದು, ಈ ಥರದ ಚಾವಡಿಗಳ ಮಾಡು ನಿಂತಿದ್ದು ನಮ್ಮ ಅಜ್ಜನಂಥವರ ಮುಡಿಯ ಮೇಲೆ. ಗೇಣಿ ನಿಂತದ್ದು ನ್ಯಾಯ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅದೇ ದಿನ ಈ ಮನೆಗಳ ಲೆಕ್ಕದಿಂದ ಆದಾಯದ ಸಾಲು ಅಳಿಸಿ ಹೋಯ್ತು, ಖರ್ಚಿನ ಸಾಲು ಹಾಗೇ ಉಳೀತು. ಐವತ್ತು ವರ್ಷದಿಂದ ಹಂಚು ಬದಲಿಸ್ತಾ, ಗೆದ್ದಲು ಕೆರೀತಾ ಬಂದಿರೋದು ಅಲ್ಲಿ ವಾಸ ಇರೋ ಜನ. ಎಷ್ಟೋ ಕಡೆ ಕೈಲಾಗದೆ ಬಿಚ್ಚಿ, ಮರ ಮಾರಿ, ಆರ್‌ಸಿಸಿ ಮನೆ ಕಟ್ಟಿದ್ದಾರೆ. ಅವರನ್ನ ಬೈಯೋ ಹಕ್ಕು ನನಗಂತೂ ಇಲ್ಲ.

ಸಂಜೆ ಸಿದ್ದಕಟ್ಟೆ ರಸ್ತೆಯಲ್ಲಿ ಬಂಟ್ವಾಳಕ್ಕೆ ವಾಪಸ್. ಡ್ರೈವರ್ ಅಣ್ಣನಿಗೆ ಅಜ್ಜನ ಕಥೆ ಹೇಳಿದೆ. ಅವರು ನಕ್ಕರು. "ನಮ್ಮದೂ ಡಿಕ್ಲರೇಷನ್ ಜಾಗವೇ" ಅಂದ್ರು. ಸ್ವಲ್ಪ ದೂರ ಹೋದ ಮೇಲೆ ತಾವೇ ಹೇಳಿದ್ರು, "ಆದ್ರೂ ಆ ಒಂಬತ್ತು ಹೆಂಗಸರ ಆನೆ ಹಾಳಾಗ್ಬಾರ್ದು ಮಾರ್ರೆ." ಇಷ್ಟು ವರ್ಷ ಅದೇ ಊರಿಗೆ ಬಾಡಿಗೆ ಹೋಗಿ, ಅವರು ಅದನ್ನ ನೋಡಿದ್ದು ಅವತ್ತೇ ಮೊದಲಂತೆ.

ಸರ್ಕಾರ ಏನಾದ್ರೂ ಮಾಡ್ಬೇಕು ಅಂತ ಹೇಳಿ ಎಪಿಸೋಡ್ ಮುಗಿಸೋದು ಸುಲಭ. ನಮ್ಮ ಕೈಯಲ್ಲಿ ಆಗೋದು ಹೇಳ್ತೇನೆ. ಕಾರು ಮಾಡಿ ಹೋಗಿ, ಬಾಡಿಗೆ ಮೊದಲೇ ಮಾತಾಡಿ, ಗಡಾಯಿಕಲ್ಲನ್ನ ಬಿಸಿಲೇರೋ ಮೊದಲೇ ಹತ್ತಿ, ಮಳೆಗಾಲದಲ್ಲಿ ಬೇಡ. ಮನೆ ಇರೋ ಅರಮನೆಗೆ ಹೋದ್ರೆ ಕೇಳಿ ಒಳಗೆ ಹೋಗಿ, ಊಟ, ನಿದ್ದೆ ಹೊತ್ತು ತಪ್ಪಿಸಿ.

ಮನೆಗೆ ಬಂದ ಮೇಲೆ ಅಜ್ಜಿಯನ್ನೋ ಅಜ್ಜನನ್ನೋ ಕೂರಿಸಿ ಫೋನ್ ರೆಕಾರ್ಡರ್ ಆನ್ ಮಾಡಿ, ಒಂದೇ ಪ್ರಶ್ನೆ ಕೇಳಿ: ನಾವು ಗೇಣಿ ಕೊಡ್ತಿದ್ದವರಾ, ತಗೊಳ್ತಿದ್ದವರಾ? ಎಷ್ಟು ಮುಡಿ? ಎರಡೂ ಕಡೆಯ ಉತ್ತರ ಬೇಕು. ಆ ಲೆಕ್ಕ ಗೊತ್ತಿರೋರು ಈಗ ಎಂಬತ್ತು ದಾಟಿದ್ದಾರೆ.

ನಮ್ಮ ಅಜ್ಜಿಯ ರೆಕಾರ್ಡಿಂಗನ್ನ ಡಬ್ಲಿನ್‌ಗೂ ಕಳಿಸಿದೆ. ಅಣ್ಣ ಎರಡು ದಿನ ಬಿಟ್ಟು ಉತ್ತರ ಹಾಕಿದ್ರು: "ಡಿಸೆಂಬರಿಗೆ ಊರಿಗೆ ಬರ್ತೇನೆ. ಅದೇ ಡ್ರೈವರ್‌ಗೆ ಹೇಳಿಡು."